ಡ್ರಮ್ಮಿನೊಳಗೆ ಕೂತ ಮೋಟರು

ಕಿಟಕಿ ಮುಚ್ಚಬೇಡ ಕಂದಾ, ಇರಲಿ ಬಿಡು, ನಂಗೆ ಆ ಸದ್ದು ಬೇಕು. ಟರ್ ಅಂತ ಹೋಗ್ತಾ ಹೋಗ್ತಾ ನಡುವೆ ಒಂದೊಂದು ಸಲ ಬಿಕ್ಕಳಿಸುತ್ತಲ್ಲ, ಅದೇ ನಿನ್ನ ಚಿಕ್ಕಮ್ಮನ ಮೋಟರು. ಆಚೆ ದಡ ಬಿಟ್ಟಿದ್ದಾಳೆ ಅಂತ ಲೆಕ್ಕ. ಆ ಬಿಕ್ಕಳಿಕೆ ಮೊದಲು ಇರ್ಲಿಲ್ಲ, ನೀರು ಕುಡಿದ ಮೇಲೆ ಬಂದದ್ದು. ನೀನು ಕೇಳಿದ್ದೂ ಅದನ್ನೇ ತಾನೇ? ಹಾಗಾದ್ರೆ ಬರ್ಕೋ. ನಾನು ಮಾತಾಡ್ತಾ ಬೇರೆ ಎಲ್ಲಿಗಾದ್ರೂ ಹೊರಟುಹೋದ್ರೆ ಸ್ವಲ್ಪ ಕೆಮ್ಮು, ವಾಪಸ್ ಬರ್ತೀನಿ.

ದೋಣಿ ಕಟ್ಟೆಯಲ್ಲಿ ನಿನ್ನ ಚಿಕ್ಕಮ್ಮನಿಗೆ ಎಲ್ಲರೂ ಮೊಂಡಿ ಅಂತಾರೆ. ಆ ಹೆಸರು ಕಟ್ಟೆಯವರು ಇಟ್ಟದ್ದಲ್ಲ, ಈ ಮನೇಲೇ ಹುಟ್ಟಿದ್ದು. ಮದುವೆಯಾಗಿ ಬಂದ ಹೊಸದು, ಹಿತ್ತಿಲ ಬಾಗಿಲು ಉಬ್ಬಿ ಕಚ್ಚಿಕೊಂಡುಬಿಟ್ಟಿತ್ತು. ನಾವೆಲ್ಲ ಮುಂದಿನಿಂದ ಸುತ್ತಿ ಹೋಗೋದನ್ನೇ ರೂಢಿ ಮಾಡ್ಕೊಂಡಿದ್ವಿ. ಇವಳು ಒಂದು ಮಧ್ಯಾಹ್ನ ಪೂರ್ತಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಕೀಲು ಬಿಚ್ಚಿ, ಅಂಚು ಉಜ್ಜಿ, ಸಂಜೆ ಹೊತ್ತಿಗೆ ಆ ಬಾಗಿಲಲ್ಲೇ ದಾಟಿ ಹೋಗಿ ಬಟ್ಟೆ ಒಣಹಾಕಿ ಬಂದ್ಲು. ಊಟಕ್ಕೆ ಕರೆದ್ರೆ ಬರ್ಲಿಲ್ಲ. ನಿಮ್ಮ ತಾತ ಹೊಲಿಗೆ ಮೆಷಿನ್ನಿಂದ ತಲೆ ಎತ್ತಿ, ಮಗನಿಗೆ ಮೊಂಡಿ ಗಂಟುಬಿದ್ಲಲ್ಲೋ ಅಂದ್ರು. ಅಷ್ಟೇ, ಅಂಟಿಕೊಂಡಿತು.

ಅವಳ ಜೊತೆ ತವರಿಂದ ಬಂದದ್ದು ಒಂದು ಸೂಟ್‌ಕೇಸು, ಒಂದು ಮೋಟರು. ಅವಳಪ್ಪ ಬೇರೊಂದು ಹೊಳೆ ದಡದಲ್ಲಿ ಶೆಡ್ಡು ಹಾಕ್ಕೊಂಡು ದೋಣಿ ಮೋಟರ್ ರಿಪೇರಿ ಮಾಡ್ತಿದ್ದ ಮನುಷ್ಯ. ಈಗಿಲ್ಲ ಪಾಪ. ದೋಣಿಯ ಹಿಂದಿನ ಹಲಗೆಗೆ ಕಚ್ಚಿಸಿ ಕೂರಿಸ್ತಾರಲ್ಲ, ಅಂಥ ಸಣ್ಣ ಮೋಟರು, ಒಬ್ಬಳೇ ಹೆಗಲ ಮೇಲೆ ಹೊರಬಹುದು. ರಾತ್ರಿ ಕಟ್ಟೆಯಲ್ಲಿ ಬಿಟ್ರೆ ಕಳ್ಳರ ಕಾಟ ಅಂತ ದಿನಾ ಸಂಜೆ ಅದನ್ನ ಬಿಚ್ಚಿ, ಹಳೇ ದುಪ್ಪಟಿ ಸುತ್ತಿ, ಮಗು ಎತ್ತಿಕೊಂಡ ಹಾಗೆ ಎತ್ಕೊಂಡು ಬರ್ತಿದ್ಲು. ಮಂಚದ ಕೆಳಗೆ ಅದರ ಹಾಸಿಗೆ. ನಿನ್ನ ಚಿಕ್ಕಪ್ಪ, ನನ್ನ ರೂಮಲ್ಲಿ ಪೆಟ್ರೋಲ್ ವಾಸನೆ ಇಲ್ದೆ ನಿದ್ದೆ ಬರೋದು ನಿಂತುಹೋಗಿದೆ ಅಂತ ಗೊಣಗ್ತಿದ್ದ. ಅವನ ಮೈಯೆಲ್ಲ ಐಸ್ ಫ್ಯಾಕ್ಟರಿ ವಾಸನೆ, ಅವನಿಗೇನು ಮಾತಾಡೋ ಹಕ್ಕು.

ಇನ್ನು ಗೂಟದ ವಿಷಯ ಹೇಳದಿದ್ರೆ ನಿಂಗೆ ಏನೂ ಅರ್ಥ ಆಗಲ್ಲ. ಕಟ್ಟೆಯಲ್ಲಿ ಮೆಟ್ಟಿಲ ಪಕ್ಕ ಒಂದು ಗೂಟ ಇದೆ. ಯಾವ ದೋಣಿ ಆ ಗೂಟಕ್ಕೆ ಕಟ್ಟಿರುತ್ತೋ ಆ ದೋಣಿಗೇ ಆಚೆ ದಡಕ್ಕೆ ಹೋಗೋ ಜನ ಹತ್ತಬೇಕು. ಬೆಳಿಗ್ಗೆ ಐಸ್ ಫ್ಯಾಕ್ಟರಿ ಸೈರನ್ ಕೂಗೋ ಹೊತ್ತಿಗೆ ಮೋಟರ್ ಸಮೇತ ದೋಣಿ ಅಲ್ಲಿರಬೇಕು. ಸೈರನ್ ಕೂಗಿದಾಗ ಗೂಟ ಖಾಲಿ ಇದ್ರೆ, ಯಾರು ಮೊದಲು ಬಂದು ಹಗ್ಗ ಹಾಕ್ತಾರೋ ಆವತ್ತಿಂದ ಗೂಟ ಅವರದ್ದು. ಹುಟ್ಟು ಹಾಕಿಕೊಂಡು ಬಂದ್ರೆ ನಡೆಯಲ್ಲ. ಹೊಳೆ ಸಮುದ್ರ ಸೇರೋ ಜಾಗ ಹತ್ತಿರ ಇದೆಯಲ್ಲ, ಸೆಳೆತ ಜೋರು, ಹಿಂದೆ ಯಾರದ್ದೋ ದೋಣಿ ತೇಲಿಹೋಗಿ ಜನ ಬದುಕಿದ್ದೇ ಹೆಚ್ಚಾಗಿತ್ತು. ಮೊಂಡಿಗೆ ಗೂಟ ಸಿಕ್ಕಿದ್ದೂ ಹಾಗೇ. ಒಬ್ಬ ಮುದುಕಪ್ಪ ಜ್ವರ ಬಂದು ಮಲಗಿದ ಬೆಳಿಗ್ಗೆ ಇವಳು ಹೋಗಿ ಹಗ್ಗ ಹಾಕಿದ್ಲು. ಅದಕ್ಕೇ, ಈ ನಿಯಮ ಅನ್ಯಾಯ ಅಂತ ಬಾಯಿ ಬಿಡೋ ಹಾಗಿರಲಿಲ್ಲ ಅವಳು. ಜೋಡಿ ಎಂಜಿನ್ ಅಂತ ಒಬ್ಬ ಇದ್ದ, ದೊಡ್ಡ ದೋಣಿ, ಹಿಂದೆ ಎರಡು ಮೋಟರು. ಅವನಿಗೆ ಆ ಗೂಟದ ಮೇಲೆ ಕಣ್ಣು. ದಿನಾ ಬೆಳಿಗ್ಗೆ ಸೈರನ್ನಿಗೆ ಮುಂಚೆ ಅಲ್ಲೇ ಸುಮ್ನೆ ಒಂದು ಸುತ್ತು ಹಾಕಿ ಹೋಗ್ತಿದ್ದ, ಬಸ್ಸಲ್ಲಿ ಯಾರು ಏಳ್ತಾರೆ ಅಂತ ಕಾಯ್ತಾ ನಿಲ್ತಾರಲ್ಲ, ಹಾಗೆ.

ಕೆಮ್ಮಬೇಡ, ಬರ್ತಾ ಇದೀನಿ.

ಮೋಟರನ್ನ ಹಲಗೆಗೆ ಕಚ್ಚಿಸೋಕೆ ಎರಡು ತಿರುಪು ಇರ್ತವೆ. ಓಡೋ ಅದುರಿಗೆ ಅವು ಸಡಿಲ ಆಗೋದುಂಟು. ಅದಕ್ಕೆ ಮೋಟರಿಗೂ ದೋಣಿಗೂ ಸೇರಿಸಿ ಒಂದು ಸರಪಳಿ ಕಟ್ಟಿರ್ತಾರೆ, ತಿರುಪು ಕೈಕೊಟ್ರೂ ಸರಪಳಿ ಹಿಡೀಲಿ ಅಂತ. ಆ ಸರಪಳಿಯೂ ಮೋಟರ್ ಜೊತೆ ಮನೆಗೆ ಬರ್ತಿತ್ತು. ಆವಾಗ ಮೊಂಡಿಯ ಪುಟಾಣಿಗೆ ಉಯ್ಯಾಲೆ ಹುಚ್ಚು. ಉಯ್ಯಾಲೆ ಹಗ್ಗ ಸವೆದು ನೂಲು ನೂಲಾಗಿತ್ತು. ಮಗು ಬಿದ್ದರೆ ಗತಿ ಏನು ಅಂತ ನಿಮ್ಮ ತಾತ ಒಂದು ರಾತ್ರಿ ಆ ಸರಪಳಿ ತೆಗೆದು ಉಯ್ಯಾಲೆಗೆ ಹಾಕಿಬಿಟ್ರು. ಹಾಗಂತ ಮೋಟರನ್ನ ಬರಿಗೈಲಿ ಬಿಟ್ರಾ, ಇಲ್ಲ. ದಪ್ಪ ಕ್ಯಾನ್ವಾಸ್ ಪಟ್ಟಿ ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಮೇಲೆ ಕೆಳಗೆ ಅಡ್ಡ ಉದ್ದ ಹೊಲಿಗೆ ಹಾಕಿ, ಎಂಥ ಚಂದದ ಪಟ್ಟಿ ಅಂತೀಯ, ನೋಡಿದ್ರೆ ಅಂಗಡೀಲಿ ತಂದದ್ದು ಅನ್ಬೇಕು. ತಮ್ಮ ಹೊಲಿಗೆ ಬಿಚ್ಚಿದ್ದು ಇವತ್ತಿನವರೆಗೂ ಯಾರೂ ನೋಡಿಲ್ಲ ಅಂತ ಅವರಿಗೆ ಹೆಮ್ಮೆ. ಸರಪಳಿಗಿಂತ ಇದೇ ಗಟ್ಟಿ, ತುಕ್ಕೂ ಹಿಡಿಯಲ್ಲ ಅಂದ್ಕೊಂಡ್ರು. ಹೇಳೋದು ಮರೆತ್ರು. ಬೆಳಿಗ್ಗೆ ಮೊಂಡಿ ಅದನ್ನ ನೋಡಿ, ಮಾವ ಏನೋ ಹೊಸದು ಮಾಡಿದ್ದಾರೆ ಅಂತ ಸಿಕ್ಕಿಸ್ಕೊಂಡು ಹೋದ್ಲು.

ಆವತ್ತು ಮಧ್ಯಾಹ್ನ ಆಚೆ ದಡಕ್ಕೆ ಜನ ಬಿಟ್ಟು ಖಾಲಿ ದೋಣಿ ತರ್ತಾ ಇದ್ಲು. ಕಟ್ಟೆ ಹತ್ತಿರ ಬಂತು ಅಂತ ಮೋಟರ್ ಆರಿಸಿ ದೋಣಿನ ತೇಲೋಕೆ ಬಿಟ್ಲು. ಆರಿಸಿದ್ದೇ ಪುಣ್ಯ ಅಂತ ಆಮೇಲೆ ಗೊತ್ತಾಯ್ತು. ನೀರಡಿ ಯಾವುದೋ ಹಳೇ ಮರದ ಬೊಡ್ಡೆ ಇತ್ತು, ಮೋಟರಿನ ಕಾಲು ಅದಕ್ಕೆ ಬಡೀತು. ಮೋಟರು ಮುಗ್ಗರಿಸಿದ ಹಸು ಎದ್ದ ಹಾಗೆ ಒಂದು ಸಲ ಮೇಲೆದ್ದು ತಿರುಪು ಕಿತ್ಕೊಂಡು ಬಂತು. ಪಟ್ಟಿ ಒಂದು ಕ್ಷಣ ಬಿಗಿಯಾಯ್ತು. ಕಬ್ಬಿಣದ ಅಂಚಿಗೆ ಸಿಕ್ಕಿ ಚರ್ ಅಂತ ಹರೀತು. ಗುಳುಂ.

ಅಲ್ಲೇ ಕಿರುಚಿಕೊಂಡು ಕೂತಿದ್ರೆ ಜಾಗ ತಪ್ಪಿಹೋಗ್ತಿತ್ತು. ಅವಳು ಮೊದಲು ಮಾಡಿದ್ದು ಏನು ಗೊತ್ತಾ, ಬುತ್ತಿ ಡಬ್ಬಿ ಖಾಲಿ ಇತ್ತಲ್ಲ, ಮುಚ್ಚಳ ಬಿಗಿದು, ಹಗ್ಗ ಕಟ್ಟಿ, ಹಗ್ಗದ ತುದಿಗೆ ಲಂಗರು ಕಲ್ಲು ಕಟ್ಟಿ ಅಲ್ಲೇ ಎಸೆದ್ಲು. ಡಬ್ಬಿ ತೇಲ್ತಾ ನಿಂತಿತು, ಕೆಳಗೆ ಮೋಟರ್ ಮಲಗಿದೆ ಅಂತ ಗುರುತು. ಆಮೇಲೆ ಹುಟ್ಟು ಹಾಕಿ ದಡಕ್ಕೆ ಬಂದು ಚಿಪ್ಪು ಆಯೋ ಅಣ್ಣನನ್ನ ಕರೆದ್ಲು. ಅವನು ಮುಳುಗಿ ಮುಳುಗಿ ಕಣ್ಣು ಕೆಂಡ ಮಾಡ್ಕೊಂಡಿರೋ ಮನುಷ್ಯ, ಮಾತು ಕಮ್ಮಿ. ಒಂದು ಸಲ ಹೋಗಿ ಹಗ್ಗ ಸಿಕ್ಕಿಸಿ ಬಂದ. ಎಳೆದ್ರು.

ಕಟ್ಟೆಯಲ್ಲಿ ಆಗಲೇ ಜನ ಸೇರಿತ್ತು. ಮೋಟರು ಮೇಲೆ ಬರ್ತಾ ಇದ್ದ ಹಾಗೇ ಎಲ್ಲರಿಗೂ ಪ್ರೀತಿ ಉಕ್ಕಿಬಿಡ್ತು ನೋಡು. ಒಬ್ಬ ಬಿಸಿ ಕಲ್ಲಿನ ಮೇಲೆ ಮಲಗಿಸಿ ಒಣಗಿಸೋಣ ಅಂದ. ಇನ್ನೊಬ್ಬ ಶರ್ಟ್ ಬಿಚ್ಚಿ ಒರೆಸೋಕೆ ಶುರು ಮಾಡಿದ. ಮೂರನೆಯವನು ಸ್ಟಾರ್ಟ್ ಹಗ್ಗಕ್ಕೆ ಕೈ ಹಾಕಿದ, ಒಂದು ಸಲ ಎಳೆದು ನೋಡೋಣ ಅಂತ.

"ಮುಟ್ಟಿದ್ರೆ ಕೈ ಮುರೀತೀನಿ," ಅಂದ್ಲು ಮೊಂಡಿ. ಜೋರಾಗಿ ಅಲ್ಲ, ಮೆತ್ತಗೆ. ಅವನು ಕೈ ತೆಗೆದ.

ಆಮೇಲೆ ಅವಳು ಮೋಟರನ್ನ ಎತ್ತಿ, ಹಗ್ಗ ಕಟ್ಟಿ, ಮೆಟ್ಟಿಲ ಪಕ್ಕ ಮತ್ತೆ ಅದೇ ಹೊಳೆ ನೀರೊಳಗೆ ಇಳಿಬಿಟ್ಲು. ಜನ ಬಾಯಿ ಬಾಯಿ ನೋಡ್ಕೊಂಡ್ರು. ಗಾಬರಿಗೆ ತಲೆ ಕೆಟ್ಟಿದೆ ಪಾಪ ಅಂತ ಒಬ್ಬಳು ಪಿಸುಗುಟ್ಟಿದ್ಲಂತೆ. ಅವಳಪ್ಪ ಹೇಳಿಕೊಟ್ಟಿದ್ದು ಅದು. ಮುಳುಗಿದ ಮೋಟರನ್ನ ನೀರು ಕೊಲ್ಲಲ್ಲ, ನೀರಿಂದ ಎತ್ತಿ ಗಾಳಿಗೆ ಇಟ್ಟಾಗಲೇ ಒಳಗೆ ತುಕ್ಕು ಹಿಡಿಯೋಕೆ ಶುರು. ಉಪ್ಪು ನೀರಾದ್ರೆ ಇನ್ನೂ ಬೇಗ. ಬಿಚ್ಚೋಕೆ ಸಾಮಾನು ಸಿದ್ಧ ಇಲ್ದೆ ಎತ್ತಬೇಡ, ಎತ್ತಿದ ಮೇಲೆ ಕೂರಬೇಡ. ಒಳಗೆ ನೀರಿದ್ದಾಗ ಹಗ್ಗ ಎಳೆದ್ರೆ ನೀರು ಜಗ್ಗಲ್ಲ, ಒಳಗಿನ ಕಬ್ಬಿಣದ ತೋಳೇ ಬಾಗಿಹೋಗುತ್ತೆ. ಇದನ್ನೆಲ್ಲ ಕಟ್ಟೆಯವರಿಗೆ ಪಾಠ ಹೇಳ್ತಾ ನಿಲ್ಲೋಕೆ ಅವಳಿಗೆ ಪುರುಸೊತ್ತು ಎಲ್ಲಿ.

ಜೋಡಿ ಎಂಜಿನ್ನೂ ಅಲ್ಲೇ ಇದ್ದ. ಬಂದು ತುಂಬ ಮರುಕದಿಂದ, "ನಾಳೆ ಒಂದಿನ ಸುಧಾರಿಸ್ಕೋ ತಂಗಿ. ಗೂಟ ನಾನು ನೋಡ್ಕೋತೀನಿ," ಅಂದ.

"ನೋಡ್ಕೊಳ್ಳಿ ಅಣ್ಣ, ದೂರದಿಂದ," ಅಂದ್ಲು ಇವಳು.

ಹಗ್ಗ ಕಟ್ಟುವಾಗ ಅವಳ ಕೈಗೆ ಹರಿದ ಪಟ್ಟಿ ಸಿಕ್ಕಿತು. ಆಗಲೇ ಅವಳು ಅದನ್ನ ಸರಿಯಾಗಿ ನೋಡಿದ್ದು. ಸರಪಳಿ ಎಲ್ಲಿ ಹೋಯ್ತು, ಮಾವ ಈ ಪಟ್ಟಿ ಯಾಕೆ ಹೊಲಿದ್ರು, ಎಲ್ಲ ಗೊತ್ತಾಯ್ತು. ಮನೇಲಿ ಉಯ್ಯಾಲೆ ರಾತ್ರಿ ಕಿರ್‌ಗುಟ್ಟೋದು ನಿಂತು ಝಣ್ ಝಣ್ ಅನ್ನೋಕೆ ಶುರು ಮಾಡಿದ್ದು ಆಗ ನೆನಪಾಯ್ತಂತೆ. ಪಟ್ಟಿ ಮಡಿಚಿ ಸೊಂಟಕ್ಕೆ ಸಿಕ್ಕಿಸ್ಕೊಂಡ್ಲು. ಯಾರಿಗೂ ತೋರಿಸ್ಲಿಲ್ಲ.

ನಾನು ಮನೇಲಿ ಸೊಪ್ಪು ಬಿಡಿಸ್ತಾ ಕೂತಿದ್ದೆ. ಕೈಗಾಡಿ ಸದ್ದು ಕೇಳ್ತು. ನೋಡಿದ್ರೆ, ಗಾಡಿ ಮೇಲೆ ಒದ್ದೆ ಗೋಣಿಚೀಲ ಹೊದ್ದು ಮಲಗಿದೆ ಮೋಟರು, ತಳ್ಳಿಕೊಂಡು ಓಡಿ ಬರ್ತಿದ್ದಾಳೆ ಇವಳು, ಮೈಯೆಲ್ಲ ಕೆಸರು. ಸೀದಾ ಬಂದವಳೇ ಬಚ್ಚಲ ಪಕ್ಕದ ಡ್ರಮ್ಮಿನ ಮುಚ್ಚಳ ತೆಗೆದು ಮೋಟರನ್ನ ಅದರೊಳಗೆ ಇಳಿಸಿಬಿಟ್ಲು. ಅದು ಮನೆಯ ಕುಡಿಯೋ ನೀರು ಕಣೇ. ನಲ್ಲೀಲಿ ಬರೋದೇ ದಿನ ಬಿಟ್ಟು ದಿನ, ನಾನು ಬೆಳಿಗ್ಗೆ ಎದ್ದು ಬಟ್ಟೆ ಕಟ್ಟಿ ಸೋಸಿ ತುಂಬಿಸಿದ್ದೆ. ನನ್ನ ಬಾಯಿಂದ ಬಂದದ್ದನ್ನೆಲ್ಲ ನೀನು ಬರೆಯೋದು ಬೇಡ. ಅವಳು ಕೇಳಿಸ್ಕೊಂಡ್ಲು, ಆಮೇಲೆ ಹೇಳಿದ್ಲು:

"ಅತ್ತೆ, ಸಿಹಿನೀರಲ್ಲಿ ಉಪ್ಪು ತೊಳೀಲೇಬೇಕು. ಬೆಳಿಗ್ಗೆ ಸೈರನ್ ಆಗೋದ್ರೊಳಗೆ ಇದು ಓಡಬೇಕು. ಬೈಯೋದು ನಾಳೆಗೆ ಇಟ್ಕೊಳ್ಳಿ, ಕೂತು ಕೇಳ್ತೀನಿ."

ನಾನು ನೆರೆಮನೆಗೆ ಕೊಡ ತಗೊಂಡು ಹೊರಟೆ. ಇನ್ನೇನು ಮಾಡ್ಲಿ.

ಹಿತ್ತಿಲಲ್ಲಿ ಹಳೇ ಚಾಪೆ ಹಾಸಿ, ಸಾಮಾನೆಲ್ಲ ಸಾಲಾಗಿ ಜೋಡಿಸಿ, ಆಮೇಲೇ ಮೋಟರನ್ನ ಡ್ರಮ್ಮಿಂದ ಎತ್ತಿದ್ದು. ಮೇಲಿನ ಟೋಪಿ ತೆಗೆದ್ಲು. ಪ್ಲಗ್ ಬಿಚ್ಚಿದ್ಲು. ಪ್ಲಗ್ ಇದ್ದ ತೂತು ಕೆಳಮುಖ ಆಗೋ ಹಾಗೆ ಮಲಗಿಸಿ, ಮೇಲಿನ ಚಕ್ರದ ಮೇಲೆ ಅಂಗೈ ಇಟ್ಲು. ಇಟ್ಟು ಹಾಗೇ ಕೂತ್ಲು. ಆ ಚಕ್ರ ತಿರುಗಿದ್ರೆ ಒಳಗಿನ ತೋಳು ನೆಟ್ಟಗಿದೆ ಅಂತ. ಎಲ್ಲಾದ್ರೂ ಕಚ್ಚಿ ನಿಂತ್ರೆ ಮುಗೀತು, ಗೂಟಕ್ಕೆ ಎಳ್ಳುನೀರು. ಅಪ್ಪನ ಕೈ ಆಡಿದ ಚಕ್ರ ಅದು. ಅವಳು ಕಣ್ಣು ಮುಚ್ಚಿ ಮೆಲ್ಲಗೆ ತಿರುಗಿಸಿದ್ಲು. ತಿರುಗಿತು. ತೂತಿಂದ ಬಳಕ್ ಅಂತ ನೀರು ಕಾರಿತು, ಹಾಲು ಹೆಚ್ಚಾದ ಮಗು ಕಕ್ಕಿದ ಹಾಗೆ. ಮತ್ತೆ ತಿರುಗಿಸಿದ್ಲು, ಮತ್ತೆ ಕಾರಿತು. ಹಗ್ಗ ನಿಧಾನವಾಗಿ ಎಳೀತಾ ಎಳೀತಾ ಬರೀ ಗಾಳಿ ಬರೋವರೆಗೂ ಬಿಡ್ಲಿಲ್ಲ.

ಮೋಟರಿನ ತಲೆ ಮೇಲಿರೋ ಪೆಟ್ರೋಲ್ ಟ್ಯಾಂಕಿಗೂ ನೀರು ಹೊಕ್ಕಿತ್ತು, ಪೂರ್ತಿ ಸುರಿದು ಬಳಿದ್ಲು. ಕರೆಂಟಿನ ಭಾಗ ಒಣಗಬೇಕಲ್ಲ, ಬಿಸಿಲು ಆಗಲೇ ಇಳೀತಾ ಇತ್ತು. ಪಕ್ಕದ ಬೀದಿಯ ಪಾರ್ಲರ್ ಅಕ್ಕನಿಗೆ ಹೇಳಿ ಕಳಿಸಿದೆ. ಅವಳು ಕೂದಲು ಒಣಗಿಸೋ ಮೆಷಿನ್ ಹಿಡ್ಕೊಂಡು ಬಂದು, ವೈರುಗಳಿಗೆ ತಣ್ಣನೆ ಗಾಳಿ ಬಿಡ್ತಾ ಕೂತ್ಲು. ಮದುಮಗಳಿಗೂ ನಾನು ಇಷ್ಟು ಹೊತ್ತು ಗಾಳಿ ಹಾಕಿಲ್ಲ, ಬೈತಲೆ ಎಲ್ಲಿ ತೆಗೀಲಿ ಹೇಳು ಅಂತ ಕೇಳಿದ್ಲು. ಆವತ್ತು ಮೊಂಡಿ ನಕ್ಕಿದ್ದು ಅದೊಂದೇ ಸಲ.

ತಾತ ಅಷ್ಟೊತ್ತೂ ಮುಂದಿನ ಕೋಣೇಲಿ ಮೆಷಿನ್ ತುಳೀತಾ ಇದ್ರು. ತುಳಿತ ಇತ್ತು, ಬಟ್ಟೆ ಮುಂದೆ ಹೋಗ್ತಿರಲಿಲ್ಲ. ಕೊನೆಗೆ ಎದ್ದು ಬಂದು ಹಿತ್ತಿಲ ಬಾಗಿಲಲ್ಲಿ ನಿಂತ್ರು. ಸಾಮಾನಿನ ಸಾಲಲ್ಲಿ ಒಂದು ಕಡೆ ಹರಿದ ಪಟ್ಟಿ ಬಿದ್ದಿತ್ತು, ಅವಳು ಸೊಂಟದಿಂದ ತೆಗೆದು ಇಟ್ಟಿದ್ಲು. ಅವರು ಅದನ್ನ ಎತ್ಕೊಂಡು ಹೊರಳಿಸಿ ನೋಡಿದ್ರು.

"ಹೊಲಿಗೆ ಹೋಗಿಲ್ಲ," ಅಂದ್ರು.

"ಇಲ್ಲ ಮಾವ. ಬಟ್ಟೆ ಹೋಗಿದೆ."

ಅಷ್ಟೇ ಮಾತು. ನಾನಾಗಿದ್ರೆ ಒಂದು ವಾರಕ್ಕಾಗುವಷ್ಟು ಅಂದಿರ್ತಿದ್ದೆ. ತಾತ ಒಳಗೆ ಹೋದ್ರು, ಹೊಲಿಗೆ ಮೆಷಿನ್ ಎಣ್ಣೆ ಡಬ್ಬಿ ತಂದು ಅವಳ ಪಕ್ಕ ಇಟ್ರು. ಆ ಎಣ್ಣೇಲಿ ನನ್ನ ಬೀಗಕ್ಕೆ ಒಂದು ತೊಟ್ಟು ಕೇಳಿದ್ರೂ ಮೂತಿ ತಿರುಗಿಸೋ ಮನುಷ್ಯ. ಅವಳು ಪ್ಲಗ್ಗಿನ ತೂತಿಗೆ ಧಾರಾಳವಾಗಿ ಬಿಟ್ಟು, ಚಕ್ರ ತಿರುಗಿಸಿ ಒಳಗೆಲ್ಲ ಹರಡಿದ್ಲು. ತಾತ ಅಲ್ಲೇ ಒಂದು ಮಣೆ ಎಳ್ಕೊಂಡು ಕೂತ್ರು.

ಹೊಸ ಪೆಟ್ರೋಲ್ ಬೇಕಿತ್ತು. ನಿನ್ನ ಚಿಕ್ಕಪ್ಪನ ಸ್ಕೂಟರ್ ಬಾಗಿಲಲ್ಲೇ ನಿಂತಿತ್ತು, ಅವನು ನಡ್ಕೊಂಡು ಶಿಫ್ಟಿಗೆ ಹೋಗಿದ್ದ. ಪೈಪ್ ಇಟ್ಟು ಇಳಿಸಿದ್ಲು, ಎಂಜಿನ್ ಎಣ್ಣೆ ಬೆರೆಸಿದ್ಲು. ಹೊಸ ಪ್ಲಗ್ ಹಾಕಿದ್ಲು. ಮೋಟರನ್ನ ಡ್ರಮ್ಮಿನ ಅಂಚಿಗೆ ಕಚ್ಚಿಸಿ, ಅದರ ಕಾಲು ನೀರಲ್ಲಿ ಮುಳುಗೋ ಹಾಗೆ ನಿಲ್ಲಿಸಿದ್ಲು. ನೀರಿಲ್ದೆ ಓಡಿಸಿದ್ರೆ ಕಾದು ಸುಟ್ಟುಹೋಗುತ್ತಂತೆ. ಕಾಲು ಅಗಲಿಸಿ ನಿಂತು ಹಗ್ಗ ಎಳೆದ್ಲು.

ಏನೂ ಇಲ್ಲ.

ಮತ್ತೆ ಎಳೆದ್ಲು. ಮತ್ತೆ. ಕೈ ಬದಲಾಯಿಸಿ ಎಳೆದ್ಲು. ಅಂಗೈ ಚರ್ಮ ಎದ್ದು ಬಂತು, ಸೆರಗಿನ ತುದಿ ಸುತ್ಕೊಂಡ್ಲು. ಪಾರ್ಲರ್ ಅಕ್ಕ ತನ್ನ ಮೆಷಿನ್ ಎತ್ಕೊಂಡು ಹೋದ್ಲು. ಪುಟಾಣಿ ಉಯ್ಯಾಲೆ ಬಿಟ್ಟು ಬಂದು ನನ್ನ ಮಡಿಲಲ್ಲಿ ಕೂತ್ಲು. ನಾನು, ಸಾಕು ಬಿಡೇ, ಒಂದು ಗೂಟ ಹೋದ್ರೆ ಇನ್ನೊಂದು ಅಂದೆ. ಇನ್ನೊಂದು ಗೂಟ ಇಲ್ಲ ಅಂತ ನಂಗೂ ಗೊತ್ತು. ಅವಳು ಪ್ಲಗ್ ಬಿಚ್ಚಿ ಬೆರಳಿಂದ ಮುಟ್ಟಿ ನೋಡಿದ್ಲು. ಒಣಗಿತ್ತು.

ಅದು ಒಳ್ಳೇ ಸುದ್ದಿ ಅಂದ್ಲು. ನಂಗೆ ಅರ್ಥ ಆಗ್ಲಿಲ್ಲ. ಪ್ಲಗ್ ಒಣಗಿದೆ ಅಂದ್ರೆ ಪೆಟ್ರೋಲ್ ಅಲ್ಲೀವರೆಗೆ ಬರ್ತಾನೇ ಇಲ್ಲ, ದಾರೀಲಿ ಎಲ್ಲೋ ಅಡ್ಡಿ ಇದೆ. ಎಲ್ಲಿ ಹುಡುಕಬೇಕು ಅನ್ನೋದಾದ್ರೂ ಗೊತ್ತಾಯ್ತಲ್ಲ. ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬೊರೇಟರ್ ಬಿಚ್ಚಿದ್ಲು. ಅದರೊಳಗೆ ಹಿತ್ತಾಳೆಯದೊಂದು ಪುಟ್ಟ ತಿರುಪು, ನಡುವೆ ಕೂದಲೆಳೆಯಷ್ಟು ತೂತು. ಪೆಟ್ರೋಲೆಲ್ಲ ಅದರಲ್ಲೇ ಹಾದು ಹೋಗಬೇಕು. ಬೆಳಕಿಗೆ ಹಿಡಿದು ನೋಡಿದ್ರೆ ಬೆಳಕು ಕಾಣ್ಲಿಲ್ಲ. ಹೊಳೆಯ ಒಂದು ಮರಳಿನ ಕಾಳು ಬಂದು ಗೂಟ ಹೊಡ್ಕೊಂಡು ಕೂತಿತ್ತು.

ಬಾಯಲ್ಲಿ ಊದಿದ್ಲು, ಜಗ್ಗಲಿಲ್ಲ. ನಾನು ತಲೆಯಿಂದ ಪಿನ್ನು ತೆಗೆದು ಕೊಟ್ಟೆ. ಬೇಡ ಅಂದ್ಲು. ಹಿತ್ತಾಳೆ ಮೆತ್ತಗೆ, ಕಬ್ಬಿಣ ಚುಚ್ಚಿದ್ರೆ ತೂತು ದೊಡ್ಡದಾಗಿ ಜನ್ಮವಿಡೀ ಕುಂಟುತ್ತೆ ಅಂತ. ತಿರುಪನ್ನ ಹೊರಳಿಸಿ ಮತ್ತೆ ಬೆಳಕಿಗೆ ಹಿಡಿದ್ಲು.

"ಇಲ್ಲಿ ಕೊಡು," ಅಂದ್ರು ತಾತ.

ಕಾಜಾ ಹೊಲಿಯೋ ರೇಷ್ಮೆ ದಾರ ತಂದ್ರು. ಅದರ ಒಂದೇ ಎಳೆ ಬಿಡಿಸಿ, ಮೇಣಕ್ಕೆ ಉಜ್ಜಿ, ಬೆರಳಲ್ಲಿ ಹೊಸೆದು ಹೊಸೆದು ಕಡ್ಡಿ ಮಾಡಿದ್ರು. ಕನ್ನಡಕ ಹಣೆಗೆ ಏರಿಸಿದ್ರು, ಕಣ್ಣು ಬೇಡ ಇದಕ್ಕೆ ಅಂತ. ಸೂಜಿಗೆ ದಾರ ಪೋಣಿಸಿ ಪೋಣಿಸಿ ಅವರ ಬೆರಳಿಗೇ ಕಣ್ಣು ಬಂದಿದೆಯಲ್ಲ. ಚುಚ್ಚಿದ್ರು, ತಿರುಚಿದ್ರು, ಹೊರಗೆ ಎಳೆದ್ರು, ಮತ್ತೆ ಮೇಣ ಹಚ್ಚಿದ್ರು. ದಾರ ಆಚೆ ಬದಿ ಮೂತಿ ತೋರಿಸಿತು. ಪೂರ್ತಿ ಎಳೆದಾಗ ಮೇಣಕ್ಕೆ ಅಂಟಿಕೊಂಡು ಬಂತು ಆ ಮರಳು, ಸಾಸಿವೆಯ ಚೂರಿಗಿಂತ ಸಣ್ಣದು. ತಾತ ಅದನ್ನ ಉಗುರ ಮೇಲೆ ಇಟ್ಕೊಂಡು ಪುಟಾಣಿಗೆ ತೋರಿಸಿದ್ರು, ನಿಮ್ಮಮ್ಮನನ್ನ ಅಳಿಸೋಕೆ ಬಂದಿತ್ತು ನೋಡು ಇದು ಅಂತ.

"ನಾನು ಅತ್ತಿಲ್ಲ," ಅಂದ್ಲು ಮೊಂಡಿ, ತಿರುಪು ಕೂರಿಸ್ತಾ.

ಮೊದಲ ಎಳೆತಕ್ಕೆ ಕೆಮ್ಮಿತು. ಎರಡನೆಯದಕ್ಕೆ ಇನ್ನೂ ಜೋರಾಗಿ. ಆಮೇಲೆ ಒಂದು ಸಲ ನೋಡು, ಹಿತ್ತಿಲೆಲ್ಲ ಬಿಳೀ ಹೊಗೆ, ಡ್ರಮ್ಮಿನ ನೀರು ಕಾರಂಜಿ ತರ ಎದ್ದು ನನ್ನ ತಲೆ ಮೇಲೆ, ತಾತನ ಕನ್ನಡಕದ ಮೇಲೆ, ಒಣಹಾಕಿದ್ದ ಬಟ್ಟೆ ಮೇಲೆ. ಪುಟಾಣಿ ಕುಣೀತಾ ಇದ್ದಾಳೆ. ಬೀದಿಯವರೆಲ್ಲ ಬೆಂಕಿ ಬಿತ್ತು ಅಂತ ಓಡಿ ಬಂದ್ರು. ಮೊಂಡಿ ಮಾತ್ರ ಮೋಟರಿನ ಮೇಲೆ ಕೈ ಇಟ್ಕೊಂಡು ಅಲ್ಲಾಡದೆ ನಿಂತಿದ್ಲು. ಈಗ ಆರಿಸಿದ್ರೆ ಒಳಗಿನ ತೇವ ಹಾಗೇ ಉಳಿಯುತ್ತೆ, ಮೈ ಕಾದು ಒಳಗೆಲ್ಲ ಒಣಗೋವರೆಗೂ ಓಡಬೇಕು ಅಂತ. ನಾವು ಸಾಲಾಗಿ ನಿಂತು ಡ್ರಮ್ಮಿಗೆ ನೀರು ಸುರೀತಾ ಇದ್ವಿ, ಅದು ಚೆಲ್ತಾ ಇತ್ತು. ಅಷ್ಟರಲ್ಲಿ ನಿನ್ನ ಚಿಕ್ಕಪ್ಪ ಬಂದ. ಹೊಗೆ ನೋಡಿದ, ಒದ್ದೆಯಾದ ಅಪ್ಪ ಅಮ್ಮನನ್ನ ನೋಡಿದ. ಎಲ್ಲ ಬಿಟ್ಟು, ನನ್ನ ಸ್ಕೂಟರ್ ಮುಚ್ಚಳ ಯಾರು ತೆಗೆದ್ರು ಅಂತ ಕೇಳಿದ ಪುಣ್ಯಾತ್ಮ. ಅವನ ಕೈಗೂ ಒಂದು ಕೊಡ ಕೊಟ್ಟೆ.

ಬೆಳಿಗ್ಗೆ ನಾನೂ ಹೋಗಿದ್ದೆ ಕಟ್ಟೆಗೆ, ಮನೇಲಿ ಕೂರೋಕಾಗ್ಲಿಲ್ಲ. ತಾತನೂ ಬಂದ್ರು, ಕೊರಳಿಗೆ ಶಾಲು ಹಾಕ್ಕೊಂಡ ಹಾಗೆ ಸರಪಳಿ ಹಾಕ್ಕೊಂಡು. ಉಯ್ಯಾಲೆ ಬಿಚ್ಚಿ ತಂದಿದ್ರು, ಮಗು ಅಳ್ತಾ ಇತ್ತು. ಮೊಂಡಿಯ ದೋಣಿ ಹಿಂದಿನ ದಿನ ಕೆಳಗಿನ ಮರಳಲ್ಲಿ ಎಳೆದು ಹಾಕಿದ್ದು, ಗೂಟ ಖಾಲಿ. ಜೋಡಿ ಎಂಜಿನ್ ಎದುರಿಗೇ ತನ್ನ ದೋಣೀಲಿ ನಿಂತಿದ್ದ, ಹಗ್ಗ ಕೈಲಿ ಸುರುಳಿ ಸುತ್ತಿ ರೆಡಿ. ಇವಳು ದೋಣಿ ನೀರಿಗೆ ತಳ್ಳಿ, ಮೋಟರ್ ಕೂರಿಸಿ ತಿರುಪು ಬಿಗಿದ್ಲು. ತಾತ ಬಗ್ಗಿ ಸರಪಳಿ ಹಾಕಿ ಬೀಗ ಜಡಿದು, ಎರಡು ಕೈಲಿ ಹಿಡಿದು ಹಿಂದಕ್ಕೆ ವಾಲಿ ಜಗ್ಗಿದ್ರು. ಆಮೇಲೆ ಸೊಸೆ ಮುಖ ನೋಡಿ, ಹ್ಞೂಂ ಅಂದ್ರು.

ಹಗ್ಗ ಎಳೆದ್ಲು. ಹತ್ತಲಿಲ್ಲ. ಜೋಡಿ ಎಂಜಿನ್ ದೋಣಿ ಒಂದು ಮಾರು ಮುಂದೆ ಬಂತು. ಕಟ್ಟೆ ಮೇಲಿದ್ದ ಜನ, ಆಚೆ ದಡದ ಕೆಲಸಕ್ಕೆ ಹೋಗೋರು, ಬುತ್ತಿ ಹಿಡ್ಕೊಂಡು ಒಮ್ಮೆ ಇವಳನ್ನ, ಒಮ್ಮೆ ಅವನನ್ನ ನೋಡ್ತಾ ಇದ್ರು. ಇವಳು ಯಾರನ್ನೂ ನೋಡ್ಲಿಲ್ಲ. ಅಂಗೈಗೆ ಸುತ್ತಿದ ಬಟ್ಟೆ ಬಿಗಿ ಮಾಡ್ಕೊಂಡು, ಒಂದು ಕಾಲು ಹಲಗೆಗೆ ಒತ್ತಿ, ಮತ್ತೆ ಎಳೆದ್ಲು. ಟರ್ ಅಂತು. ಒಂದು ಸಲ ಬಿಕ್ಕಳಿಸಿತು. ಮತ್ತೆ ಟರ್ ಅಂತ ಹಿಡ್ಕೊಂಡಿತು. ಅವಳು ಸೀದಾ ಹೋಗಿ ಗೂಟಕ್ಕೆ ಹಗ್ಗ ಎಸೆದ್ಲು. ಗಂಟು ಬಿಗಿಯುವಾಗ ಸೈರನ್ ಕೂಗಿತು.

ಜೋಡಿ ಎಂಜಿನ್ ತನ್ನ ಹಗ್ಗದ ಸುರುಳಿ ಬಿಚ್ಚಿ ದೋಣಿಯೊಳಗೆ ಹಾಕಿದ. ನಿನ್ನ ಮೋಟರ್ ಬಿಕ್ಕಳಿಸ್ತಾ ಇದೆ ತಂಗಿ, ಯಾರೋ ನೆನೆಸ್ಕೊಳ್ತಿರಬೇಕು ಅಂದ. ನೀವೇ ಅಣ್ಣ, ರಾತ್ರಿಯಿಂದ ಅಂದ್ಲು. ಜನ ನಕ್ಕೊಂಡು ಹತ್ತಿದ್ರು. ಅವನೂ ನಕ್ಕ, ಪಾಪ, ಕೆಟ್ಟವನಲ್ಲ.

ಸರಿ, ಸದ್ದು ಹತ್ತಿರ ಬಂತು ನೋಡು, ಮಧ್ಯಾಹ್ನದ ದೋಣಿ ಇದು. ಪುಸ್ತಕ ಮುಚ್ಚಿಡು, ಆ ಬುತ್ತಿ ಡಬ್ಬಿ ತಗೊಂಡು ಕಟ್ಟೆಗೆ ಓಡು, ಅವಳಿಗೆ ಹಸಿವಾಗಿರುತ್ತೆ. ಮುಚ್ಚಳ ನೆಗ್ಗಿದೆ, ಹಿಡ್ಕೊಂಡು ಹೋಗು, ನೀರಲ್ಲಿ ತೇಲಿದ್ದು ಅದೇ ಡಬ್ಬಿ. ದಾರೀಲಿ ಅಂಗಡಿಯಿಂದ ಉಯ್ಯಾಲೆಗೆ ಗಟ್ಟಿ ಹಗ್ಗ ತಗೋ, ಈಗಿನದ್ದು ಮತ್ತೆ ಕಿರ್‌ಗುಟ್ಟೋಕೆ ಶುರುವಾಗಿದೆ, ತಾತ ನಿನ್ನೆಯಿಂದ ಅದನ್ನೇ ನೋಡ್ತಾ ಓಡಾಡ್ತಿದ್ದಾರೆ. ಆಮೇಲೆ ಅವಳು ಊಟಕ್ಕೆ ಕೂತಾಗ ದೋಣಿಗೆ ಇಳಿದು ಆ ಸರಪಳಿ ಇದೆಯಾ ಅಂತ ನೋಡು. ಬರೀ ಕಣ್ಣಲ್ಲಿ ನೋಡಿ ಬಂದ್ಬಿಡಬೇಡ ಮತ್ತೆ, ಕೈಯಲ್ಲಿ ಹಿಡಿದು ಜಗ್ಗಿ ಬಾ.